ಕೈಗೆ ಸಿಗುವ ಹಣ್ಣಿಗೆ ಕಲ್ಲು

ಧಡ್, ಆಮೇಲೆ ಠಣ್. ಮೊದಲನೆಯದು ಚೆಂಡು ತಗಡಿನ ಹಲಗೆಗೆ ಬಡಿದದ್ದು, ಎರಡನೆಯದು ಕಬ್ಬಿಣದ ರಿಂಗಿಗೆ ತಾಗಿದ್ದು. ಇಂಡಿಯಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಯಾಚೆ ಹೆಣ್ಣುಮಕ್ಕಳ ಕಾಲೇಜಿನ ಬಾಸ್ಕೆಟ್‌ಬಾಲ್ ಮೈದಾನ. ಸಂಜೆ ಚಹಾ ಕುದಿಯುವ ಹೊತ್ತಿಗೆ ಈ ಸದ್ದು ಶುರುವಾಗುತ್ತಿತ್ತು. ನಾನು ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಒಲೆಯ ಮುಂದೆ ನಿಂತು, ಹೊರಗೆ ಇಣುಕದೆಯೇ, ಬರೀ ಸದ್ದಿನ ಮೇಲೆ ಆಟ ಹೇಳುತ್ತಿದ್ದೆ. ಧಡ್ ಎಂದು ಮುಗಿದರೆ ಹೋಗಲಿಲ್ಲ, ಧಡ್-ಠಣ್ ಎಂದರೆ ಹೋಗಿರಬಹುದು. ರಿಂಗಿಗೆ ಬಲೆ ಇರಲಿಲ್ಲ. ಕಟ್ಟಿದ ಬಲೆಯನ್ನೆಲ್ಲ ಯಾರೋ ಬಿಚ್ಚಿಕೊಂಡು ಹೋಗುತ್ತಿದ್ದರು. ಕರುವಿನ ಬಾಯಿಗೆ ಕಟ್ಟಲು ಅದು ಹೇಳಿ ಮಾಡಿಸಿದ ಹಾಗಿತ್ತಂತೆ.

ಒಂದು ಸಂಜೆ ಬೇರೆಯೇ ಕೇಳಿಸಿತು. ಚೆಂಡು ನೆಲಕ್ಕೆ ಪುಟಿಯುತ್ತಿತ್ತು, ಪುಟಿಯುವುದು ನಿಂತಿತು, ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ದಪ್ ಎಂದು ಮಣ್ಣಿಗೆ ಬಿತ್ತು. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ. ಪಾಪ, ಯಾವಳೋ ಹೊಸಬಳು, ಹಲಗೆಗೂ ಮುಟ್ಟಿಸಲಾರಳು ಎಂದುಕೊಂಡು ಕಪ್ಪು ಹಿಡಿದೇ ಗೋಡೆಯ ಹತ್ತಿರ ಹೋದೆ. ಸುಣ್ಣದಲ್ಲಿ ಎಳೆದ ಕಮಾನು ಗೆರೆಯ ಹೊರಗೆ, ಅಂದರೆ ಅಲ್ಲಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವಷ್ಟು ದೂರದಲ್ಲಿ, ಒಬ್ಬ ಹುಡುಗಿ ನಿಂತಿದ್ದಳು. ಅಷ್ಟು ಎತ್ತರದ ಹುಡುಗಿಯನ್ನು ನಾನು ಈ ನಾಡಿನಲ್ಲಿ ಕಂಡಿರಲಿಲ್ಲ. ಅವಳ ಕೈ ಬಿಟ್ಟ ಚೆಂಡು ಮೇಲೇರಿತು, ಸಾವಕಾಶ ಇಳಿಯಿತು, ಹಲಗೆಗೂ ತಾಗದೆ ರಿಂಗಿಗೂ ತಾಗದೆ ನಟ್ಟನಡುವೆ ಹೋಗಿ ಕೆಳಗೆ ಬಿತ್ತು. ಬಲೆ ಇಲ್ಲದ ರಿಂಗಿನಲ್ಲಿ ಚೆಂದಾಗಿ ಹೋದ ಚೆಂಡು ಸದ್ದು ಮಾಡುವುದಿಲ್ಲ. ಇಷ್ಟು ವರ್ಷ ಕಿವಿಯಿಂದ ಆಟ ನೋಡಿದ ನನಗೆ ಅದು ಹೊಳೆದೇ ಇರಲಿಲ್ಲ.

"ಅಲ್ಲಿಂದ ಯಾಕ ಒಗಿತಿ ಮಗಳ?" ಎಂದು ಗೋಡೆಯ ಮೇಲಿನಿಂದ ಕೇಳಿದೆ. "ರಿಂಗಿನ ಬುಡಕ ಹೋಗಿ ಕೈ ಎತ್ತಿದ್ರ ಸಾಕಲ್ಲ ನಿನಗ."

ಅವಳು ಹೌಹಾರಿ ಸುತ್ತ ನೋಡಿದಳು. ಗೋಡೆಯ ಮೇಲೆ ನನ್ನ ತಲೆ ಕಂಡ ಮೇಲೆ ನಕ್ಕಳು. "ಬುಡಕ ಹೋದ್ರ ಎಲ್ಲಾರೂ ಮೈಮ್ಯಾಲ ಬೀಳ್ತಾರ್ರಿ ಅಕ್ಕೋರ. ಒಬ್ಬಾಕಿ ಮೊಣಕೈಲೆ ತಿವಿತಾಳ, ಇನ್ನೊಬ್ಬಾಕಿ ಕಾಲ ತುಳಿತಾಳ. ಇಲ್ಲಿ ನಿಂತ್ರ ನಾನು, ಚಂಡು, ಆ ರಿಂಗು. ನಡುವ ಯಾರೂ ಇರಂಗಿಲ್ರಿ. ಮಾಸ್ತರ್ಗೆ ಹೇಳಬ್ಯಾಡ್ರಿ ಮತ್ತ, ಚಾ ಕುಡಿಯಾಕ ಹೋಗ್ಯಾರ."

ಪಿ.ಟಿ. ಮಾಸ್ತರರು ಚಹಾಕ್ಕೆ ಹೋದಾಗ ಮಾತ್ರ ಕದ್ದು ಆಡುವ ಆಟ ಅದು. ಒಬ್ಬ ಹುಡುಗಿ ಕಳ್ಳತನದಿಂದ ಮಾಡುವಂಥದ್ದು ಜಗತ್ತಿನಲ್ಲಿ ಏನೇನೋ ಇರಬಹುದು. ದೂರ ನಿಂತು ಚೆಂಡನ್ನು ರಿಂಗಿಗೆ ಹಾಕುವುದೂ ಆ ಸಾಲಿಗೆ ಸೇರಿದ್ದನ್ನು ನೋಡಿ ನನಗೆ ಅವತ್ತೇ ಸಿಟ್ಟು ಬಂದಿತ್ತು. ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಅವಳ ಅಪ್ಪ ಕುರಿ ಕಾಯುವವರು. ಮುದ್ದೇಬಿಹಾಳದ ಆಚೆ, ತಂಗಡಗಿ ಕಡೆಯ ಹೊಳೆದಂಡೆಯ ಊರು. ವರ್ಷದ ಬಹುಪಾಲು ಹಿಂಡಿನ ಹಿಂದೆ ಅಡ್ಡಾಡುತ್ತ ಇರುತ್ತಾರೆ. ಮಗಳು ಕಲಿಯಬೇಕೆಂದು ಅವ್ವ ಅವಳನ್ನು ಇಂಡಿಗೆ ಕರೆತಂದು ಒಂದು ಖೋಲಿ ಹಿಡಿದಿದ್ದರು. ಲಿಂಬಿಹಣ್ಣಿನ ಬಜಾರಿನಲ್ಲಿ ಕಾಯಿ ಆರಿಸುವ ಕೆಲಸ. ಆ ಅವ್ವನೂ ಎತ್ತರವೇ, ಆದರೆ ದಿನವಿಡೀ ರಾಶಿಯ ಮುಂದೆ ಕೂತು ಬೆನ್ನು ಬಾಗಿತ್ತು. ಮಗಳ ಬೆನ್ನು ಬಾಗಬಾರದು ಎನ್ನುವುದೊಂದೇ ಅವರ ಹಟ. ಪಿಯು ಎರಡನೆಯ ವರ್ಷದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದರೆ ಊಟ, ವಸತಿ, ಡಿಗ್ರಿ, ಆಟ ಎಲ್ಲ ಅಲ್ಲಿಯೇ. "ಅದೊಂದು ಸೀಟ ಸಿಕ್ರ ನನ್ನ ಮಗಳು ದಾಟಿದಂಗ್ರಿ ಅಕ್ಕಾರ," ಎಂದು ಅವ್ವ ನನ್ನ ಮುಂದೆ ಎಷ್ಟು ಸಲ ಹೇಳಿದ್ದರೋ. ಮಗಳಿಗೂ ಆ ಸೀಟು ಬೇಕಾಗಿತ್ತು. ಆದರೆ ಅವಳಿಗೆ ಅಲ್ಲಿ ಹೋಗಿ ದೂರದಿಂದ ಚೆಂಡು ಒಗೆಯುವುದು ಬೇಕಾಗಿತ್ತು.

ಮಾಸ್ತರರ ಕಣ್ಣಿಗೆ ಅವಳು ಸೆಂಟರ್. ಸೆಂಟರ್ ಎಂದರೆ ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು, ರಿಂಗಿನ ಬುಡದಲ್ಲಿ ನಿಲ್ಲುವವಳು. ನಮ್ಮ ಕಡೆ ಆ ಇಂಗ್ಲಿಷ್ ಪದವನ್ನು ಯಾರೂ ಬಳಸುತ್ತಿರಲಿಲ್ಲ. 'ಕಂಬ' ಎನ್ನುತ್ತಿದ್ದರು. "ಏ ಕಂಬ, ಒಳಗ ನಡಿ!" "ಕಂಬಕ್ಕ ಚಂಡ ಕೊಡ್ರಿ!" ಮೈದಾನದ ತುಂಬ ಅದೇ ಕೂಗು. ಅವಳಿಗೂ ಒಂದು ಹೆಸರಿದೆ, ಮಾಸ್ತರ, ಎಂದು ಒಮ್ಮೆ ಹೇಳಿದೆ. "ಪ್ರೀತಿಲೆ ಕರಿತೇವ್ರಿ ಅಕ್ಕೋರ," ಎಂದರು. ಪ್ರೀತಿಯಂತೆ. ನಾನ್‌ಸೆನ್ಸ್.

ಒಂದು ದಿನ ಅವರನ್ನು ಗೋಡೆಯ ಹತ್ತಿರ ನಿಲ್ಲಿಸಿಕೊಂಡು ನೇರವಾಗಿ ಕೇಳಿಯೇಬಿಟ್ಟೆ. "ಆ ಹುಡುಗಿ ದೂರದಿಂದ ಎಷ್ಟು ಛಂದ ಹಾಕ್ತಾಳ. ಮ್ಯಾಚಿನಾಗ ಯಾಕ ಬಿಡೂದಿಲ್ಲ?"

ಅವರು ಸೀಟಿಯನ್ನು ಬೆರಳಿಗೆ ಸುತ್ತುತ್ತ ನಕ್ಕರು. "ನಿಮಗೊಂದು ಮಾತ ಕೇಳ್ತೇನ್ರಿ ಅಕ್ಕೋರ. ಕೈಗೆ ಸಿಗೂ ಹಣ್ಣಿಗೆ ಯಾರರ ಕಲ್ಲ ಒಗಿತಾರೇನು? ಗಿಡ್ಡ ಮಂದಿ ಒಗೀಲಿ. ದೇವರು ಈಕಿಗೆ ಏಣಿ ಕೊಟ್ಟಾನ. ಈಕಿ ಏಣಿ ಬಿಟ್ಟು ಕಲ್ಲ ಹುಡಕಾಕತ್ತಾಳ."

"ಆ ಹಣ್ಣಿನ ಸುತ್ತ ಐದು ಮಂದಿ ಬಡಿಗಿ ಹಿಡಕೊಂಡು ನಿಂತಿರ್ತಾರಲ್ಲ ಮಾಸ್ತರ, ಅದನ್ನ ನೋಡೀರೇನು?"

"ಅದಕ್ಕ ಗಟ್ಟಿಮುಟ್ಟ ಇರಬೇಕು. ಜ್ವಾಳದ ರೊಟ್ಟಿ ತಿಂತಾಳಿಲ್ಲೋ? ಮತ್ತ ಈಕಿ ಹೊರಗ ನಿಂತ್ರ, ಹೋಗಲಾರದ ಚಂಡ ಬುಡಕ ನಿಂತ ಹಿಡಿಯಾವ್ರು ಯಾರು? ನಿಮ್ಮ ಇಂಗ್ಲಿಷ್ ಹಿಡಿತೈತೇನ್ರಿ?"

ಈ ಕೊನೆಯ ಪ್ರಶ್ನೆ ಪೊಳ್ಳಲ್ಲ, ಒಪ್ಪುತ್ತೇನೆ. ತಪ್ಪಿದ ಚೆಂಡು ರಿಂಗಿನ ಬುಡದಲ್ಲಿಯೇ ಬೀಳುತ್ತದೆ, ಅಲ್ಲಿ ಉದ್ದ ಕೈ ಬೇಕು. ಫೇರ್ ಎನಫ್. ಆದರೆ ಆಟಕ್ಕೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ಎತ್ತರದವಳು ಹೊರಗೆ ಬಂದು ನಿಂತು, ಅಲ್ಲಿಂದಲೂ ಹಾಕಬಲ್ಲಳು ಎಂದು ಗೊತ್ತಾದರೆ, ಎದುರಾಳಿಯ ಎತ್ತರದವಳೂ ಅವಳ ಹಿಂದೆ ಹೊರಗೆ ಬರಲೇಬೇಕು. ಆಗ ರಿಂಗಿನ ಬುಡ ಖಾಲಿ. ನಮ್ಮ ಸಣ್ಣ ಸಣ್ಣ ಹುಡುಗಿಯರು ಇಲಿಗಳ ಹಾಗೆ ಒಳಗೆ ನುಗ್ಗಬಹುದು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಆ ಹುಡುಗಿಯೇ ಮೊಬೈಲಿನಲ್ಲಿ ತೋರಿಸಿದಳು. ಪರದೇಶದ ಆಟಗಾರರು, ಬಾಗಿಲಲ್ಲಿ ಹಿಡಿಸದಷ್ಟು ಎತ್ತರದವರು, ಗೆರೆಯಾಚೆಯಿಂದ ಹಾಯಾಗಿ ಹಾಕುತ್ತಿದ್ದರು. "ನೋಡ್ರಿ ಅಕ್ಕೋರ, ಇವರೂ ಕಂಬನ," ಎಂದಳು. ಮಾಸ್ತರರಿಗೂ ತೋರಿಸಿದ್ದಳಂತೆ. "ಅವರ ದೇಶದ ಮಾತ ಬ್ಯಾರೆ," ಎಂದು ಮೊಬೈಲನ್ನು ತಿರುಗಿಸಿ ಕೊಟ್ಟರಂತೆ. ಅವರ ದೇಶದಲ್ಲಿ ರಿಂಗು ಚೌಕಾಗಿರುತ್ತದೆಯೇ?

ನಾನೂ ಆಡಿದವಳೇ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ, ಪ್ಲೀಟೆಡ್ ಸ್ಕರ್ಟ್ ಹಾಕಿಕೊಂಡು, ಎಲ್ಲರಿಗಿಂತ ಗಿಡ್ಡವಳಾಗಿ. ನಮ್ಮ ಸಿಸ್ಟರ್ ತಮ್ಮ ನಿಲುವಂಗಿ ಹ್ಯಾಬಿಟ್ಟಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಜೊತೆಗೇ ಓಡುತ್ತಿದ್ದರು. ಆಗ ಮೂರು ಪಾಯಿಂಟಿನ ಗೆರೆಯೇ ಇರಲಿಲ್ಲ. ಎಲ್ಲಿಂದ ಹಾಕಿದರೂ ಎರಡೇ. ಆದರೂ ಸಂಜೆ ಪ್ರೇಯರಿನ ಗಂಟೆಗೆ ಮುಂಚೆ ನಾವು ದೂರ ದೂರ ಹೋಗಿ ನಿಂತು ಎಸೆಯುತ್ತಿದ್ದೆವು. ದೂರದಿಂದ ಹೋದ ಚೆಂಡಿನ ಸಂತೋಷವೇ ಬೇರೆ. ಸಿಸ್ಟರ್ ಸ್ಟ್ರಿಕ್ಟ್ ಎಂದರೆ ಸ್ಟ್ರಿಕ್ಟ್. ಒಂದು ಮ್ಯಾಚಿನಲ್ಲಿ ರೆಫರಿ ನಮಗೆ ಪಾಯಿಂಟ್ ಕೊಟ್ಟಾಗ ಸಿಸ್ಟರೇ ಎದ್ದು ನಿಂತು, "ನೋ, ಸರ್. ಇಟ್ ಡಿಡ್ ನಾಟ್ ಗೋ ಇನ್," ಎಂದಿದ್ದರು. ನಾವು ಆ ಮ್ಯಾಚು ಸೋತೆವು, ರಾತ್ರಿಯ ಊಟದಲ್ಲಿ ಅವರ ಕಡೆ ಮುಖ ಕೂಡ ಹಾಕಲಿಲ್ಲ. ಈಗ ಅವರ ಆ ನಿಂತ ಭಂಗಿ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ.

ಸಿಂದಗಿಯಲ್ಲಿ ಒಂದು ಮ್ಯಾಚು ಇತ್ತು. ಅಲ್ಲಿ ನನ್ನ ತಂಗಿಯ ಮನೆ ಇರುವುದರಿಂದ ನಾನೂ ಹೋದೆ. ಎದುರು ತಂಡದವರು ಅವಳನ್ನು ರಿಂಗಿನ ಬುಡದಲ್ಲಿ ಇಬ್ಬಿಬ್ಬರಾಗಿ ಹಿಂಡಿದರು. ಒಮ್ಮೆ ಬಿದ್ದಳು, ಎದ್ದಳು, ಮತ್ತೊಮ್ಮೆ ಬಿದ್ದಾಗ ಮೊಣಕಾಲು ಹಿಡಿದುಕೊಂಡು ಕೂತಳು. ಏಳುವಾಗ ಕುಂಟುತ್ತಿದ್ದಳು. ಆಮೇಲೆ ಚೆಂಡು ಸಿಕ್ಕಾಗ ಒಳಗೆ ಹೋಗದೆ ಗೆರೆಯ ಹೊರಗೆ ನಿಂತು ಎಸೆದಳು. ರಿಂಗಿಗೆ ತಾಗಿ ಆಚೆ ಹಾರಿತು. ಇನ್ನೊಮ್ಮೆ ಎಸೆದಳು, ಹೋಯಿತು. ಮಾಸ್ತರರು ತಕ್ಷಣ ಅವಳನ್ನು ಹೊರಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಹೋದದ್ದಕ್ಕೆ ಕೂರಿಸಿದರು, ತಪ್ಪಿದ್ದಕ್ಕಲ್ಲ. ತಪ್ಪಿದಾಗ ಬರೀ ಬೈದಿದ್ದರು. ಹೋದಾಗ ಹೆದರಿದರು.

"ಕಂಬ ನಡದಾಡಿದ್ರ ಚಪ್ಪರ ಬೀಳ್ತೈತಿ," ಎಂದು ಎಲ್ಲರೂ ಕೇಳುವ ಹಾಗೆ ಅವಳಿಗೆ ಹೇಳಿದರು. ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಮೊಣಕಾಲಿನ ಮೇಲೆ ಒದ್ದೆ ಕರ್ಚೀಫು ಒತ್ತಿಕೊಂಡು ನೆಲ ನೋಡುತ್ತ ಕೂತಿದ್ದಳು.

ಕೊನೆಯ ಮ್ಯಾಚು ಬಸವನ ಬಾಗೇವಾಡಿಯಲ್ಲಿ. ಹಾಸ್ಟೆಲಿಗೆ ಆರಿಸುವ ಇಬ್ಬರು ಅಲ್ಲಿಗೇ ಬರುತ್ತಾರೆಂದು ಗೊತ್ತಿತ್ತು. ಅವ್ವ ಬಜಾರಿಗೆ ರಜೆ ಹಾಕಿ ಬಂದರು. ಬಾಡಿಗೆಯ ಟೆಂಪೋದಲ್ಲಿ ಹುಡುಗಿಯರು, ಮಾಸ್ತರರು, ಅವ್ವ, ನಾನು. ದಾರಿಯುದ್ದಕ್ಕೂ ಮಾಸ್ತರರದು ಒಂದೇ ಪಾಠ: "ಇವತ್ತೊಂದ ದಿನ ನನ್ನ ಮಾತ ಕೇಳು. ಹೊರಗ ಕಾಲ ಇಡಬ್ಯಾಡ." ಅವಳು "ಹೂಂ ರಿ ಸರ" ಎಂದಳು. ಮನಃಪೂರ್ವಕ ಅಂದಳು, ನನಗೆ ಗೊತ್ತು. ಸೀಟಿನ ಆಸೆ ಅವಳಿಗೂ ಇತ್ತಲ್ಲ.

ಅವ್ವ ಮತ್ತು ನಾನು ರಿಂಗಿನ ಹಿಂಬದಿಯ ಕಟ್ಟೆಯ ಮೇಲೆ ಕೂತೆವು. ಅಲ್ಲಿಯ ರಿಂಗಿಗೂ ಬಲೆ ಇರಲಿಲ್ಲ. ಹಲಗೆಯ ಅಡಿಯಿಂದ ಅದು ನಮಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಹೇಳಿದ ಹಾಗೆಯೇ ಆಡಿದಳು. ಬುಡದಲ್ಲಿ ನಿಂತಳು, ತಿವಿಸಿಕೊಂಡಳು, ಎತ್ತಿ ಹಾಕಿದಳು, ಬಿದ್ದಳು. ಪ್ರತಿ ಸಲ ಬಿದ್ದಾಗ ಅವ್ವ ನನ್ನ ಮುಂಗೈ ಹಿಡಿಯುತ್ತಿದ್ದರು. ಕೊನೆಕೊನೆಗೆ ಆ ಮೊಣಕಾಲು ಮಡಚುತ್ತಲೇ ಇರಲಿಲ್ಲ, ಜಿಗಿಯಲು ಆಗುತ್ತಿರಲಿಲ್ಲ. ನಾವು ಎರಡು ಪಾಯಿಂಟ್ ಹಿಂದೆ ಇದ್ದೆವು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು. ಚೆಂಡು ಅವಳ ಕೈಗೆ ಬಂತು. ಇಬ್ಬರು ಮೈಮೇಲೆ ಬಂದರು. ಅವಳು ಹಿಂದೆ ಸರಿದಳು, ಇನ್ನೂ ಹಿಂದೆ ಸರಿದಳು, ಗೆರೆ ದಾಟಿದಳು. "ಏ ಕಂಬಾ!" ಎಂದು ಮಾಸ್ತರರು ಕಿರುಚಿದರು. ಅವಳು ಎಸೆದಳು.

ಹೋಯಿತು. ನನ್ನ ಕಣ್ಣೆದುರಿಗೆ, ರಿಂಗಿನ ನಟ್ಟನಡುವೆ, ಯಾವುದಕ್ಕೂ ತಾಗದೆ ಹೋಯಿತು. ನೆಲಕ್ಕೆ ಬಿದ್ದ ಚೆಂಡನ್ನು ಎದುರು ತಂಡದವಳೊಬ್ಬಳು ಎತ್ತಿಕೊಂಡು ಓಡಿದಳು, ಆಟ ನಡೆದೇಹೋಯಿತು. ರೆಫರಿ ಕೆಳಗೆ ನೂಕಾಡುತ್ತಿದ್ದ ಹುಡುಗಿಯರ ಕಾಲು ನೋಡುತ್ತಿದ್ದ. ಅಂಕ ಬರೆಯುವ ಟೇಬಲ್ಲಿನವನು ಪಕ್ಕದವನ ಜೊತೆ ಮಾತಿನಲ್ಲಿದ್ದ. ನಮ್ಮ ಹುಡುಗಿಯರು "ಹೋಗೇತಿ! ಹೋಗೇತಿ!" ಎಂದು ಬೊಬ್ಬೆ ಹೊಡೆದು ಆಟ ನಿಲ್ಲಿಸಿದಾಗ ಅವನು ತಲೆ ಎತ್ತಿ ಏನು ಹೇಳಿದ ಗೊತ್ತೇ?

"ಸಪ್ಪಳನ ಆಗಲಿಲ್ಲಲ್ರಿ."

ಧಡ್ ಎನ್ನಲಿಲ್ಲ, ಠಣ್ ಎನ್ನಲಿಲ್ಲ, ಅಂದಮೇಲೆ ಹಲಗೆಗೂ ಮುಟ್ಟಿಲ್ಲ, ಹೋಗಿಲ್ಲ. ಅಡ್ಡಾದಿಡ್ಡಿ ಬಡಿದು ಹೋದದ್ದಕ್ಕೆ ಪಾಯಿಂಟ್ ಕೊಡುವ ಜನ, ಚೆಂದಾಗಿ ಹೋದದ್ದನ್ನು ಹೋಗೇ ಇಲ್ಲ ಎಂದರು. ಅವ್ವ ಎದ್ದು ನಿಂತಿದ್ದರು. ಆಟದ ಗಂಧಗಾಳಿ ಇಲ್ಲದವರು. "ಹೋತಲ್ರಿ ಅಕ್ಕಾರ ಅದು? ನನ್ನ ಕಣ್ಣಲೇ ನೋಡೇನಿ." ನಾನು ಕಟ್ಟೆ ಇಳಿದು ಟೇಬಲ್ಲಿನವರೆಗೆ ಹೋದೆ. "ಎಕ್ಸ್‌ಕ್ಯೂಸ್ ಮಿ, ನಾನು ಹಿಂದೆಯೇ ಕೂತಿದ್ದೆ" ಎಂದೆ. "ಅಮ್ಮಾರ, ಪ್ರೇಕ್ಷಕರು ಗೆರಿ ದಾಟಬಾರ್ದು" ಎಂದರು. ರೆಫರಿ ಮಾಸ್ತರರ ಕಡೆ ತಿರುಗಿ, "ನಿಮ್ದೇನರ ಐತೇನ್ರಿ ಸರ?" ಎಂದು ಕೇಳಿದ. ಅವನು ಕೇಳಿದ, ಅದನ್ನು ನಾನು ಮರೆಯುವವಳಲ್ಲ. ಮಾಸ್ತರರು ರಿಂಗಿಗೆ ನೇರವಾಗಿ ಕೂತಿದ್ದರು, ನನಗಿಂತ ಚೆನ್ನಾಗಿ ಕಾಣುವ ಜಾಗ. ಹುಡುಗಿ ಮೈದಾನದ ನಡುವೆ ನಿಂತು ಅವರನ್ನೇ ನೋಡುತ್ತಿದ್ದಳು.

"ಏನಿಲ್ರಿ. ನಡೀಲಿ," ಎಂದರು.

ಎರಡು ಪಾಯಿಂಟಿನಿಂದ ಸೋತೆವು.

ಆದರೂ ಹಾಸ್ಟೆಲಿಗೆ ಆರಿಸಲು ಬಂದ ಆ ಇಬ್ಬರು ಅವಳನ್ನು ಕರೆದರು. ಕರೆಯದೆ ಏನು? ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ಅಳೆದರು. ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡುವವರ ಮುಖ ಅವರದು. "ಭೇಷ್ ಐತಿ ಎತ್ತರ. ಸೀಟ ನಿಂದ ಅಂತ ತಿಳಕೊ," ಎಂದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೈ ಮುಗಿದರು.

ಹುಡುಗಿ ಕೈ ಮುಗಿಯಲಿಲ್ಲ. "ಹೊರಗಿಂದ ಒಗಿಯಾಕ ಬಿಡ್ತೀರೇನ್ರಿ ಸರ?" ಎಂದು ಕೇಳಿದಳು.

ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಒಗಿಯಾವ್ರು ನಮಗ ಬೇಕಾದಷ್ಟು ಮಂದಿ ಅದಾರ ತಂಗಿ. ನೀ ಬುಡಕ ನಿಂದ್ರು, ಅಷ್ಟ ಸಾಕು."

"ಹಂಗಿದ್ರ ಬ್ಯಾಡ್ರಿ."

ಅವ್ವ ಅಲ್ಲಿಯೇ ಅವಳ ರಟ್ಟೆಗೆ ಒಂದು ಹೊಡೆದರು. ತಿರುಗಿ ಬರುವಾಗ ಟೆಂಪೋದಲ್ಲಿ ಬಾಯಿ ನಿಲ್ಲಲೇ ಇಲ್ಲ. "ಚಂಡಿನ ಸಲುವಾಗಿ ಅನ್ನಕ್ಕ ಒದ್ದ ಬಂದಳ್ರಿ! ಎಲ್ಲಿಂದ ಒಗದ್ರೇನು, ಚಂಡ ಚಂಡ ಅಲ್ಲೇನ?" ಹುಡುಗಿ ಡ್ರೈವರನ ಪಕ್ಕದ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು, ಮಡಚಲು ಆಗುತ್ತಿರಲಿಲ್ಲ. ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಕಳೆದುಕೊಂಡದ್ದು ದೊಡ್ಡದು.

ಊರು ಹತ್ತಿರವಾದಾಗ ನಾನು ಮಾಸ್ತರರನ್ನು ಕೇಳಿದೆ. "ಅದು ಹೋಗಿತ್ತೋ ಇಲ್ಲೋ?"

ಅವರು ಕಿಟಕಿಯಾಚೆ ನೋಡಿದರು. "ಖರೆ ಹೇಳ್ಲೇನ್ರಿ? ಹೋಗಿತ್ತು. ನಾ ನೋಡೇನಿ."

"ಮತ್ತ ಯಾಕ ಸುಮ್ನ ಕೂತ್ರಿ?"

"ನಾ ಎದ್ದು ನಿಂತು ಹೋಗೇತಿ ಅಂದಿದ್ರ, ನಾಳಿಂದ ಆಕಿ ನನ್ನ ಮಾತ ಕೇಳ್ತಿದ್ಲೇನ್ರಿ? ಆಕಿ ಒಬ್ಬಾಕಿ ಅಲ್ಲ, ಎಲ್ಲಾರೂ ಹೊರಗ ನಿಂತ ಒಗಿಯಾಕ ಶುರು ಮಾಡ್ತಿದ್ರು. ಒಂದು ಮ್ಯಾಚ್ ಹೋತು, ಹೋಗ್ಲಿ. ಡಿಸಿಪ್ಲಿನ್ ಉಳೀತಲ್ರಿ."

ಡಿಸಿಪ್ಲಿನ್! ಆ ಪದ ನನಗೆ ಹೊಸದಲ್ಲ, ಬೆಳಿಗ್ಗೆ ಗಂಜಿಯ ಜೊತೆ, ರಾತ್ರಿ ಪ್ರೇಯರಿನ ಜೊತೆ ಅದನ್ನು ನುಂಗಿ ಬೆಳೆದವಳು ನಾನು. ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನುವುದಕ್ಕೆ ಆ ಹೆಸರು ಇಡಬಹುದು ಎಂದು ನನಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ. ಎತ್ತರದವರು ದೂರದಿಂದ ಎಸೆಯಬೇಕೋ ಬೇಡವೋ ಎಂದು ಅವರ ಜೊತೆ ಇನ್ನೂ ಹತ್ತು ವರ್ಷ ವಾದ ಮಾಡಲು ನಾನು ತಯಾರಿದ್ದೆ. ತಪ್ಪಿದ ಚೆಂಡು ಹಿಡಿಯುವ ರಿಬೌಂಡಿನ ಮಾತು ಅವರದೇ ಸರಿ ಇರಬಹುದು. ಆದರೆ ತಮ್ಮ ವಾದ ಗೆಲ್ಲಲೆಂದು ಒಬ್ಬ ಹುಡುಗಿಯ ಚೆಂಡನ್ನು ಇಲ್ಲವಾಗಿಸಿದವರ ಜೊತೆ ಇನ್ನೇನು ವಾದ? "ಟೆಂಪೋ ನಿಲ್ಲಸ್ರಿ," ಎಂದೆ. ಕಾಲೇಜಿಗಿಂತ ಮುಂಚೆಯೇ ಇಳಿದು ಮನೆಗೆ ನಡೆದೆ. ಅವತ್ತಿನಿಂದ ಆ ಮನುಷ್ಯನ ಜೊತೆ ಮಾತಿಲ್ಲ. ಎದುರಿಗೆ ಸಿಕ್ಕರೆ "ಆರಾಮ್ರಿ ಅಕ್ಕೋರ?" ಎನ್ನುತ್ತಾರೆ. ನಾನು ಛತ್ರಿ ಆ ಕಡೆ ಹಿಡಿಯುತ್ತೇನೆ.

ಹುಡುಗಿ ಆಮೇಲೆ ಮೈದಾನಕ್ಕೆ ಬರಲಿಲ್ಲ. ಪರೀಕ್ಷೆ ಮುಗಿಸಿದಳು. ಬೇಸಿಗೆಯಲ್ಲಿ ಒಂದು ದಿನ ತಂಗಿಯನ್ನು ಸಿಂದಗಿಯ ಬಸ್ಸಿಗೆ ಹತ್ತಿಸಿ ತಿರುಗಿದರೆ, ಇಂಡಿಯ ಸ್ಟ್ಯಾಂಡಿನಲ್ಲಿ ಅವಳೂ ಅವ್ವನೂ ಗಂಟುಮೂಟೆಯ ಜೊತೆ ನಿಂತಿದ್ದರು. ಎಲ್ಲರ ತಲೆಗಳ ಮೇಲೆ ಅವಳ ತಲೆ ಕಾಣುತ್ತಿತ್ತು. ಊರಿಗೇ ಹೋಗಿ ಅಜ್ಜಿಯ ಹತ್ತಿರ ಇರುತ್ತಾಳಂತೆ, ಮುದ್ದೇಬಿಹಾಳದಲ್ಲಿ ಡಿಗ್ರಿಗೆ ಸೇರುತ್ತಾಳಂತೆ. ಮೊಣಕಾಲು ಹೇಗಿದೆ ಎಂದರೆ "ಮಳಿಗಾಲದಾಗ ಗೊತ್ತಾಗ್ತೈತ್ರಿ" ಎಂದು ನಕ್ಕಳು. ಅವ್ವ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ, ಬಸ್ಸಿನಲ್ಲಿ ಜಾಗ ಹಿಡಿಯಲು ಹೋದರು.

"ನಾ ಇನ್ನೂ ಆ ಮಾಸ್ತರನ ಜೋಡಿ ಮಾತಾಡಿಲ್ಲ," ಎಂದೆ.

"ಯಾಕ್ರಿ ಅಕ್ಕೋರ? ಪಾಪ."

"ಪಾಪ? ನೋಡಿನೂ ನೋಡಲಾರದಂಗ ಕೂತಂವ ಪಾಪನ?"

"ನೋಡ್ಯಾರಲ್ರಿ ಮತ್ತ," ಎಂದಳು. ಆ ದಿನ ಡ್ರೈವರನ ಪಕ್ಕದಲ್ಲಿ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು ಎಂದು ನನಗೆ ಆಗ ತಿಳಿಯಿತು. "ನೀವು ನೋಡೀರಿ, ಅವ್ವ ನೋಡ್ಯಾಳ. ನೀವು ನನ್ನ ಮಂದಿ, ಹೋಗಲಿಲ್ಲಂದ್ರೂ ಹೋಗೇತಿ ಅಂತಿದ್ರಿ. ಮಾಸ್ತರ್ಗೆ ನಾ ಒಗಿಯೂದ ಬ್ಯಾಡಾಗಿತ್ತು. ಅವರೂ ಹೋಗೇತಿ ಅಂದ್ರಲ್ರಿ. ನನಗ ಅಷ್ಟ ಬೇಕಿತ್ತು."

ಅಷ್ಟೇ ಸಾಕಾಗಬಾರದು ಮಗಳ, ಎನ್ನಬೇಕೆಂದಿದ್ದೆ. ಕಂಡಕ್ಟರ್ ಸೀಟಿ ಊದಿದ. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಹೋದಳು. ಮೊಣಕಾಲು ಅರ್ಧಕ್ಕೇ ನಿಂತಿತು, ನಾನೇ ತಡೆದು ಎತ್ತಿದೆ. ಬಸ್ಸಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದಳು. ಕಿಟಕಿಯಿಂದ ಕೈ ಬೀಸಿದಳೋ ಏನೋ, ಬಿಸಿಲಿಗೆ ನನಗೆ ಕಾಣಲಿಲ್ಲ. ಅವಳನ್ನು ನೋಡಿದ್ದು ಅದೇ ಕೊನೆ.